ಗುರುತು ಕೇಳುವವರ ಗುರುತು



ದತ್ತಿ ಉಪನ್ಯಾಸವೆಂದರೆ ವಚನ, ಜನಪದ, ಶಾಸನಗಳ ಬಗ್ಗೆ ಮಾತಾಡುವುದು ವಿಜಯಪುರ ಜಿಲ್ಲೆಯ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಕಡೆಯ ವಾಡಿಕೆ. ನಾನು ಆರಿಸಿಕೊಂಡ ವಿಷಯ ಮೊಬೈಲು, ಇಂಟರ್‌ನೆಟ್ಟುಗಳೊಳಗಿನ ಗುರುತು. ನಾವು ಯಾರೆಂದು ಎಲ್ಲಿ ತೋರಿಸಬೇಕು, ಎಲ್ಲಿ ಹೇಳದೆ ಇರಬಹುದು, ಇದನ್ನು ಯಾರು ತೀರ್ಮಾನಿಸಬೇಕು ಎಂಬುದು ನನ್ನ ಪ್ರಶ್ನೆ. ವಚನವೂ ಜನಪದವೂ ಈ ಮಾತಿನೊಳಗೆ ತಾವಾಗಿಯೇ ಬರುತ್ತವೆ. ಹೆಸರು ಮರೆಸಿ ಮಾತಾಡುವುದು, ಬೇರೆ ಹೆಸರಿಟ್ಟುಕೊಂಡು ಜವಾಬ್ದಾರಿಯಿಂದ ಮಾತಾಡುವುದು, ಇವೆರಡೂ ಈ ನೆಲಕ್ಕೆ ಇಂಟರ್‌ನೆಟ್ಟಿಗಿಂತ ಬಹಳ ಮೊದಲೇ ಗೊತ್ತಿದ್ದವು.

ಮೊದಲು ಇವತ್ತಿನ ಸ್ಥಿತಿ ನೋಡೋಣ. ನಮ್ಮ ಹಳ್ಳಿಯ ಒಬ್ಬ ಹೆಣ್ಣುಮಗಳು ತಿಂಗಳಲ್ಲಿ ಎಷ್ಟು ಕಡೆ ತಾನು ತಾನೇ ಎಂದು ಸಾಬೀತು ಮಾಡಬೇಕು! ರೇಷನ್ ಅಂಗಡಿಯಲ್ಲಿ ಥಂಬ್ ಇಡಬೇಕು. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬರಬೇಕಾದರೆ ಆಧಾರ್ ಜೋಡಣೆ, ಇ-ಕೆವೈಸಿ ಆಗಿರಬೇಕು. ಅದೇ ವರ್ಷದ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಬಸ್ಸು ಹತ್ತಲು ಗುರುತಿನ ಚೀಟಿ ಕೈಯಲ್ಲಿರಬೇಕು. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಮೊಬೈಲ್ ಹಾಜರಿ ಕಡ್ಡಾಯವಾಯಿತು. ದಿನಕ್ಕೆರಡು ಸಲ ಸ್ಥಳದಲ್ಲೇ ಫೋಟೊ ಹಿಡಿಯುವ ಪದ್ಧತಿ. ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೂ 2025ರ ಜುಲೈ 1ರಿಂದ ಮುಖ ತೋರಿಸಬೇಕಾಗಿದೆ. ಮೊಬೈಲು ಆ ಮುಖವನ್ನು ಗುರುತು ಹಿಡಿದರೆ ಪೊಟ್ಟಣ ಸಿಗುತ್ತದೆ.

ಯಂತ್ರಕ್ಕೆ ತೋರಿಸುವ ಈ ಕೈ ಎಂಥದ್ದು? ಇಂಡಿ, ಸಿಂದಗಿಯ ಕಡೆ ತೊಗರಿ ಕೊಯ್ದ ಕೈ, ಹತ್ತಿ ಬಿಡಿಸಿದ ಕೈ. ಸಾಂಗ್ಲಿ, ಕೊಲ್ಹಾಪುರದ ಕಡೆ ಗುಳೆ ಹೋಗಿ ಕಬ್ಬು ಕಡಿದ ಕೈ. ಮುದ್ದೇಬಿಹಾಳ, ಬಾಗೇವಾಡಿಯ ತಾಂಡಾಗಳಿಂದ ಹೋಗಿ ಗೋವಾದ ಕಟ್ಟಡಗಳಿಗೆ ಬುಟ್ಟಿ ಹೊತ್ತ ಕೈ. ದುಡಿದು ದುಡಿದು ಬೆರಳಿನ ಗೆರೆಗಳು ಸವೆದಿರುತ್ತವೆ. "ಆಯಿ, ಥಂಬ್ ಹತ್ತವಲ್ದು, ಕೈ ವರಸ್ಕೊಂಡು ಮತ್ತೊಮ್ಮೆ ಇಡು" ಎಂಬ ಮಾತನ್ನು ರೇಷನ್ ಅಂಗಡಿಯ ಮುಂದೆ ನಿಂತವರೆಲ್ಲ ಕೇಳಿದ್ದೀರಿ. ಊರಿಗೆ ಊರೇ ಆ ಅಜ್ಜಿಯನ್ನು ಬಲ್ಲದು. ಥಂಬ್ ಇಡಿಸಿಕೊಳ್ಳುವ ಹುಡುಗನನ್ನು ಎತ್ತಿ ಆಡಿಸಿದವಳೂ ಆಕೆಯೇ ಇರಬಹುದು. ಆದರೂ ಆ ಹೊತ್ತಿಗೆ ಆಕೆ ಯಾರೋ.

ಹೆಸರಿನ ಕಥೆ ಇನ್ನೊಂದು ತೆರನದು. ಕನ್ನಡದಲ್ಲಿ ಬಸವ್ವ ಅಂದರೆ ಬಸವ್ವ, ಅದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಬಂದ ಕೂಡಲೇ ಒಂದು ಕಾರ್ಡಿನಲ್ಲಿ 'ವಿ', ಇನ್ನೊಂದರಲ್ಲಿ 'ಡಬ್ಲ್ಯೂ', ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದೇ ಅಕ್ಷರ, ಮಗಳ ಶಾಲೆಯ ದಾಖಲೆಯಲ್ಲಿ ಎರಡು. ಅಡ್ಡಹೆಸರು ಒಂದು ಕಡೆ ಮುಂದೆ ಬರುತ್ತದೆ, ಇನ್ನೊಂದು ಕಡೆ ಬರಿಯ ಇನಿಷಿಯಲ್. ಕಂಪ್ಯೂಟರಿನ ಲೆಕ್ಕದಲ್ಲಿ ಇವರು ನಾಲ್ಕು ಮಂದಿ. ಮಗಳ ವಿದ್ಯಾರ್ಥಿವೇತನ ನಿಲ್ಲುತ್ತದೆ, ಪಹಣಿಗೆ ಆಧಾರ್ ಜೋಡಣೆ ಆಗುವುದಿಲ್ಲ. ತಪ್ಪು ಬರೆದವರು ಯಾರೋ, ತಿದ್ದಿಸಲು ಕೂಲಿ ಬಿಟ್ಟು ತಾಲ್ಲೂಕು ಊರಿಗೆ ಅಲೆಯುವವಳು ಬಸವ್ವ. ಕನ್ನಡ ನಾಡಿನಲ್ಲಿ ಕನ್ನಡದ ಹೆಸರನ್ನು ಕನ್ನಡದ ಬರಹದಲ್ಲೇ ತಾಳೆ ನೋಡುವ ವ್ಯವಸ್ಥೆ ಮೊದಲ ದಿನದಿಂದಲೇ ಇದ್ದಿದ್ದರೆ ಈ ಅಲೆದಾಟದ ಬಹುಪಾಲು ತಪ್ಪುತ್ತಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಕಂಪ್ಯೂಟರಿಗೆ ಬೆರಳು ಕೊಡುವ ಪದ್ಧತಿ ಆಧಾರ್‌ಗಿಂತ ಮೊದಲೇ ನಮ್ಮ ತಾಲ್ಲೂಕು ಕಚೇರಿಗಳಿಗೆ ಬಂದಿತ್ತು. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ಬೆರಳು ಕೊಡಬೇಕಾದವರು ಯಾರು? ಕಚೇರಿಯ ಸಿಬ್ಬಂದಿ. ದಾಖಲೆ ತಿದ್ದುವ ನೌಕರ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ನಾಳೆ 'ನಾನು ತಿದ್ದಿಲ್ಲ' ಎನ್ನುವ ಹಾಗಿರಲಿಲ್ಲ. ರೈತ 15 ರೂಪಾಯಿ ಕೊಟ್ಟು ಪಹಣಿ ತೆಗೆದುಕೊಂಡು ಹೋಗುತ್ತಿದ್ದ. ಒಳಗೆ ಕುಳಿತವನು ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತವನಿಗೂ ಕಾಣಲಿ ಎಂದು ಕಿಟಕಿಯಲ್ಲಿ ರೈತನ ಕಡೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನೂ ಇಡಲಾಗಿತ್ತು.

ಆ ಏರ್ಪಾಟಿನಲ್ಲಿ ಒಂದು ನ್ಯಾಯವಿತ್ತು. ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಗುರುತು ಕೊಡಬೇಕು, ಅಧಿಕಾರವಿಲ್ಲದವರು ನೋಡುವಂತಿರಬೇಕು. ಇಪ್ಪತ್ತೈದು ವರ್ಷಗಳಲ್ಲಿ ಇದು ತಿರುವುಮುರುವಾಗಿದೆ. ಇವತ್ತು ಬೆರಳು ಕೊಡುವವಳು ಅಜ್ಜಿ. ಆ ಬೆರಳು ಎಲ್ಲಿಗೆ ಹೋಯಿತು, ಯಾರು ನೋಡಿದರು ಎಂದು ತೋರಿಸುವ ಎರಡನೆಯ ಪರದೆ ಇಲ್ಲ. ಅದೇ ಅಜ್ಜಿಗೆ ಫೋನು ಮಾಡಿ 'ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಓಟಿಪಿ ಹೇಳಿ' ಎನ್ನುವವನ ಗುರುತು ಯಾರ ಬಳಿಯೂ ಇಲ್ಲ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. ಗುರುತು ಕೇಳುವವರು ಮೊದಲು ತಮ್ಮ ಗುರುತು ತೋರಿಸಬೇಕು. ಬಲವಿಲ್ಲದವರಿಗೆ ಹೆಸರು ಹೇಳದೆ ಇರುವ ಹಕ್ಕು ಉಳಿಯಬೇಕು.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಸ್ವಂತ ಹೆಸರಿನಲ್ಲೇ ಇರಬೇಕು, ಖಾತೆಗೊಂದು ಗುರುತಿನ ಚೀಟಿ ಜೋಡಿಸಬೇಕು, ಆಗ ಬೈಗುಳ, ಸುಳ್ಳು ಎಲ್ಲ ನಿಲ್ಲುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಸಜ್ಜನರೇ ಹೀಗೆ ಹೇಳುತ್ತಾರೆ, ಅವರ ಕಳಕಳಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮ್ಮ ಕಡೆ ಸ್ವಂತ ಹೆಸರೆಂದರೆ ಏನೆಂದು ಅವರು ಯೋಚಿಸಿದಂತಿಲ್ಲ. ಬಡಿಗೇರ, ಕುಂಬಾರ, ಹೂಗಾರ, ತಳವಾರ, ಮಾದರ, ಪಾಟೀಲ, ಕುಲಕರ್ಣಿ, ರಾಠೋಡ, ಮುಲ್ಲಾ — ವಿಜಯಪುರ ಜಿಲ್ಲೆಯಲ್ಲಿ ಅಡ್ಡಹೆಸರು ಹೇಳಿದಿರೆಂದರೆ ಕುಲ, ಕಸುಬು, ಧರ್ಮ, ಊರಿನಲ್ಲಿ ಮನೆ ಯಾವ ಓಣಿಯಲ್ಲಿರಬಹುದು ಎಂಬುದನ್ನೂ ಹೇಳಿದಂತೆ. ಹೊಸಬನೊಬ್ಬ ಬಸ್ ನಿಲ್ದಾಣದಲ್ಲಿ ಇಳಿದರೆ "ಯಾರ ಪೈಕಿ ತಮ್ಮಾ ನೀ?" ಎಂದು ಕೇಳುವುದು ಮೇಲ್ನೋಟಕ್ಕೆ ಪ್ರೀತಿಯ ಪ್ರಶ್ನೆ. ಕೆಲವರಿಗೆ ಅದು ಪ್ರೀತಿಯೇ. ಇನ್ನು ಕೆಲವರಿಗೆ ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಚಹಾದ ಕಪ್ಪು ಬದಲಾಗಿದ್ದ ದಿನಗಳ ನೆನಪು ಇನ್ನೂ ಹಸಿಯಾಗಿದೆ.

ಹೀಗಿರುವಾಗ ಒಬ್ಬ ಹುಡುಗ ಫೋನಿನೊಳಗೆ ಹೋಗಿ ಬರಿಯ ಒಂದು ಹೆಸರಿನಲ್ಲಿ, ಅಡ್ಡಹೆಸರಿಲ್ಲದೆ, ಕ್ರಿಕೆಟ್ಟಿನ ಬಗ್ಗೆಯೋ ಕವಿತೆಯ ಬಗ್ಗೆಯೋ ಬರೆಯುತ್ತಾನೆ. ಜೀವನದಲ್ಲಿ ಮೊದಲ ಸಲ ಅವನ ಮಾತನ್ನು ಜನ ಅವನ ಪೈಕಿ ಯಾರೆಂದು ತಿಳಿಯದೆ ಓದುತ್ತಾರೆ. ಇದು ಸಣ್ಣ ಸ್ವಾತಂತ್ರ್ಯವಲ್ಲ. ಫೇಸ್‌ಬುಕ್ 'ನಿಜ ಹೆಸರು' ಕಡ್ಡಾಯವೆಂದು ಪಟ್ಟು ಹಿಡಿದಾಗ 2014ರಲ್ಲಿ ಅಮೆರಿಕದಲ್ಲೇ ದೊಡ್ಡ ಪ್ರತಿಭಟನೆ ಆಯಿತು. ಹೆಣ್ಣು ವೇಷದ ಕಲಾವಿದರು, ಮೂಲನಿವಾಸಿ ಸಮುದಾಯದವರು, ಮನೆಯ ಹಿಂಸೆಯಿಂದ ತಪ್ಪಿಸಿಕೊಂಡ ಹೆಂಗಸರು ತಮ್ಮ ಕಷ್ಟ ಹೇಳಿಕೊಂಡರು. 2015ರಲ್ಲಿ ಕಂಪನಿ ನಿಯಮವನ್ನು ಸಡಿಲಿಸಿತು. ನಮ್ಮಲ್ಲಿ ಅಡ್ಡಹೆಸರಿನ ಪ್ರಶ್ನೆಯನ್ನು ಹೀಗೆ ಗಟ್ಟಿಯಾಗಿ ಎತ್ತುವ ಕೆಲಸ ಇನ್ನೂ ಬಾಕಿ ಇದೆ.

ಈಗ ಬಾಗೇವಾಡಿಯ ಮಾತಿಗೆ ಬರುತ್ತೇನೆ. ಬಸವಣ್ಣನವರ ಊರಿನವರಿಗೆ ಅಂಕಿತದ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? ಆದರೂ ಇಂಟರ್‌ನೆಟ್ಟಿನ ಕಾಲದಲ್ಲಿ ನಿಂತು ಅದನ್ನು ಮತ್ತೆ ನೋಡಬೇಕು. ಬಹುಪಾಲು ವಚನಕಾರರು ವಚನದ ಕೊನೆಗೆ ತಮ್ಮ ಹೆಸರು ಹಾಕಲಿಲ್ಲ, ತಾವು ನಂಬಿದ ದೈವದ ಹೆಸರು ಹಾಕಿದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಗುಹೇಶ್ವರ ಎಂದರೆ ಅಲ್ಲಮ. ಹೆಸರು ಮರೆಯಾಗಿದೆ, ಮಾತಿನ ಹೊಣೆ ಮರೆಯಾಗಿಲ್ಲ. ಅದೇ ಅಂಕಿತದಲ್ಲಿ ಮತ್ತೆ ಮತ್ತೆ ಮಾತಾಡಿದ್ದರಿಂದ ಆ ಅಂಕಿತಕ್ಕೆ ಒಂದು ದನಿ, ಒಂದು ನಡತೆ, ಒಂದು ನಂಬಿಕೆ ಕೂಡಿಬಂತು. ಕೆಲವು ಅಂಕಿತಗಳ ಹಿಂದಿದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವರನ್ನು ಅಜ್ಞಾತ ವಚನಕಾರರೆಂದು ಸಂಪುಟಗಳಲ್ಲಿ ಗೌರವದಿಂದ ಸೇರಿಸಿದ್ದೇವೆ. ಹೆಸರು ಗೊತ್ತಿಲ್ಲವೆಂದು ಅವರ ಮಾತನ್ನು ಯಾರೂ ತಳ್ಳಿಹಾಕಲಿಲ್ಲ.

ಇದೇ ಸಾಲಿನಲ್ಲಿ ಅಂಬಿಗರ ಚೌಡಯ್ಯನೂ ಇದ್ದಾನೆ. ಅವನು ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡ. ಮುಚ್ಚಿಡುವುದಕ್ಕೆ ಏನೂ ಇಲ್ಲ ಎಂದು ಎದೆ ತಟ್ಟಿ ನಿಂತ. ತನ್ನ ಕುಲವನ್ನು ತಾನೇ ಸಾರುವುದು ಬೇರೆ, ಇನ್ನೊಬ್ಬರು ಅದನ್ನು ನಮ್ಮ ಬಾಯಿಂದ ಹೊರಡಿಸುವುದು ಬೇರೆ. ಆಯ್ಕೆ ಶರಣರ ಕೈಯಲ್ಲಿತ್ತು. ನಮ್ಮ ಕೈಯಲ್ಲೂ ಅದು ಇರಬೇಕೆಂದೇ ನಾನು ಕೇಳುತ್ತಿರುವುದು.

ಇಟ್ಟುಕೊಂಡ ಹೆಸರು ಹುಟ್ಟು ಹೆಸರಿನಷ್ಟೇ ಗಟ್ಟಿ ಎಂಬುದಕ್ಕೆ ಕೋರ್ಟಿನ ಸಾಕ್ಷಿಯೂ ಇದೆ. ಮಾತೆ ಮಹಾದೇವಿಯವರು 'ವಚನ ದೀಪ್ತಿ' ಪುಸ್ತಕದಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದರು. ಕರ್ನಾಟಕ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2017ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಹೀಗೆ ತಡೆಯಬೇಕಿತ್ತೇ ಎಂಬ ಬಗ್ಗೆ ಭಿನ್ನ ಅಭಿಪ್ರಾಯಗಳಿವೆ, ಇರಲಿ. ಎಂಟುನೂರು ವರ್ಷಗಳಾಚೆಯ ಒಂದು ಅಂಕಿತವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ದೇಶದ ದೊಡ್ಡ ಕೋರ್ಟು ಕುಳಿತು ವಿಚಾರಣೆ ಮಾಡಿತಲ್ಲ, ಅದನ್ನು ಗಮನಿಸಿ.

ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಗೆ ಹೋಗೋಣ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾ ಇವರು ಹಲಸಂಗಿ ಗೆಳೆಯರು. ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಅದರ ಹಿಂದೆಯೇ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. 'ಗರತಿಯ ಹಾಡು' ತೆರೆದು ನೋಡಿ. ತವರಿನ ಹಂಬಲ, ಅತ್ತೆಯ ಕಾಟ, ಗಂಡನ ಉದಾಸೀನ, ಮಗುವಿನ ಸುಖ, ದೇವರ ಮೇಲಿನ ಸಿಟ್ಟು — ಎಲ್ಲ ಇವೆ. ಒಂದು ಹಾಡಿನ ಕೆಳಗೂ ಹಾಡಿದವಳ ಹೆಸರಿಲ್ಲ. ಹೆಸರು ಇದ್ದಿದ್ದರೆ ಆ ಹಾಡು ಹುಟ್ಟುತ್ತಿತ್ತೇ? ಬೀಸುಕಲ್ಲಿನ ಮುಂದೆ ಕುಳಿತ ಸೊಸೆ ಅತ್ತೆಯ ಬಗ್ಗೆ ಹಾಡಿದರೆ ಅದು ತನ್ನ ಅತ್ತೆಯ ಬಗ್ಗೆ ಹೌದು, ಯಾರ ಅತ್ತೆಯ ಬಗ್ಗೆಯೂ ಹೌದು. ಕೇಳಿದವರಿಗೆ ಗೊತ್ತಾಗುತ್ತದೆ, ಹಿಡಿದು ಕೇಳುವ ಹಾಗಿಲ್ಲ. ಈ ಅವಕಾಶ ಇದ್ದುದರಿಂದಲೇ ಕನ್ನಡದ ಹೆಂಗಸರ ಒಳಬದುಕು ಇಷ್ಟು ನೇರವಾಗಿ ನಮ್ಮ ಕೈಗೆ ಬಂದಿದೆ. ಕೂಡಿಸಿದವರ ಹೆಸರು ಪುಸ್ತಕದ ಮೇಲಿದೆ, ಹಾಡಿದವರ ಹೆಸರು ಇಲ್ಲ. ಆ ಗೆಳೆಯರಲ್ಲೊಬ್ಬರಾದ ಚೆನ್ನಮಲ್ಲಪ್ಪ ಸ್ವತಃ ಮಧುರಚೆನ್ನರಾಗಿ ಬರೆದರು. ಇಂಡಿ ತಾಲ್ಲೂಕಿನ ಅಗರಖೇಡದ ಆದ್ಯ ರಂಗಾಚಾರ್ಯರು ಶ್ರೀರಂಗರಾದರು. ಇವರನ್ನು ಇವತ್ತಿಗೂ ಇಟ್ಟುಕೊಂಡ ಹೆಸರಿನಿಂದಲೇ ಕರೆಯುತ್ತೇವೆ.

ನಮ್ಮ ನಾಲ್ಕೂ ತಾಲ್ಲೂಕುಗಳ ಹೆಣ್ಣುಮಕ್ಕಳ ವಾಟ್ಸ್‌ಆ್ಯಪ್ ನೋಡಿ. ಡಿಪಿಯಲ್ಲಿ ಮುಖ ಇರುವುದು ಕಡಿಮೆ. ಗುಲಾಬಿ ಹೂವು, ರಂಗೋಲಿ, ಬಸವಣ್ಣನವರ ಫೋಟೊ, ಮಗುವಿನ ಮುಖ, ಮಸೀದಿಯ ಗುಮ್ಮಟ ಇರುತ್ತವೆ. ಇವರು ಯಾರಿಗೂ ಮೋಸ ಮಾಡುತ್ತಿಲ್ಲ. ಫೋಟೊ ಕದ್ದು ಬೇರೆ ಖಾತೆ ಮಾಡುವವರಿದ್ದಾರೆ, ಮನೆಯಲ್ಲಿ 'ಯಾಕೆ ಹಾಕಿದಿ' ಎಂದು ಕೇಳುವವರಿದ್ದಾರೆ, ಅದು ಅವರಿಗೆ ಗೊತ್ತಿದೆ. ಹೂವಿನ ಡಿಪಿಯ ಹಿಂದೆ ಕುಳಿತು ಒಬ್ಬಳು ಮುಟ್ಟಿನ ತೊಂದರೆಯ ಬಗ್ಗೆ ವೈದ್ಯರನ್ನು ಕೇಳುತ್ತಾಳೆ. ಇನ್ನೊಬ್ಬಳು ಕುಡುಕ ಗಂಡನಿಂದ ಬೇರೆಯಾಗಲು ಕಾನೂನು ಏನು ಹೇಳುತ್ತದೆ ಎಂದು ಹುಡುಕುತ್ತಾಳೆ. ಪಂಚಾಯಿತಿಯ ಚರಂಡಿ ಕಾಮಗಾರಿಯ ಫೋಟೊವನ್ನು ಪತ್ರಕರ್ತರಿಗೆ ಕಳಿಸುವವರೂ ಇದ್ದಾರೆ. ಗುರುತಿನ ಚೀಟಿ ಕೊಟ್ಟ ಮೇಲೆಯೇ ಬಾಯಿ ತೆರೆಯಬೇಕು ಎಂದರೆ ಮೊದಲು ಮುಚ್ಚುವುದು ಇವರ ಬಾಯಿ.

ಹೆಸರು ಹಾಕಿ ಬರೆಯುವ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಸಮಗ್ರ ವಚನ ಸಂಪುಟಗಳ ಹಿಂದೆ ದುಡಿದ ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರು ಬರೆದದ್ದನ್ನೆಲ್ಲ ಸ್ವಂತ ಹೆಸರಿನಲ್ಲಿ ಬರೆದರು. ಅವರ ಮನೆಯ ವಿಳಾಸವೂ ಎಲ್ಲರಿಗೂ ಗೊತ್ತಿತ್ತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಆ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಅಂಥ ಬೆಲೆಯನ್ನು ಎಲ್ಲರೂ ತೆರಬೇಕೆಂದು ಕೇಳುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಹೆಸರು ಮರೆಸಿದವರಿಂದಲೇ ಹಿಂಸೆ, ಸುಳ್ಳು ಹಬ್ಬುತ್ತವೆ ಎಂಬ ಮಾತಿಗೆ ಉತ್ತರ ಕೊಡಬೇಕು. 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರಿಗೆ ತೀವ್ರ ಗಾಯಗಳಾದವು. ಸುಳ್ಳು ಹರಡಿದ್ದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಜ್ಞಾತರು ಯಾರಿರುತ್ತಾರೆ? ಎಲ್ಲರ ನಂಬರೂ ಎಲ್ಲರಲ್ಲೂ ಸೇವ್ ಆಗಿರುತ್ತದೆ, ಇಂಥವರ ಮಗ ಇಂಥವನು ಕಳಿಸಿದ ಎಂದು ಗೊತ್ತಿರುತ್ತದೆ. ಹಾಗೆ ಗೊತ್ತಿದ್ದುದರಿಂದಲೇ ಜನ ನಂಬಿದರು. ಪರಿಚಯದ ಹೆಸರು ಸುಳ್ಳಿಗೆ ಸತ್ಯದ ತೂಕ ಕೊಟ್ಟಿತು. ಆ ತಿಂಗಳಲ್ಲಿ ವಾಟ್ಸ್‌ಆ್ಯಪ್ ಮುಂದಕ್ಕೆ ಕಳಿಸಿದ ಸಂದೇಶಕ್ಕೆ ಅದು ಫಾರ್ವರ್ಡ್ ಎಂಬ ಗುರುತು ಹಾಕಿತು, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದೆಂದು ಮಿತಿ ತಂದಿತು. ಗುರುತಿನ ಚೀಟಿ ಯಾರನ್ನೂ ಕೇಳಲಿಲ್ಲ. ಸುಳ್ಳಿನ ಓಟಕ್ಕೆ ಕಡಿವಾಣ ಹಾಕಿದರು. ಮದ್ದು ಬೀಳಬೇಕಾದ ಜಾಗ ಅದು.

ಅಜ್ಞಾತ ಖಾತೆಯಿಂದ ಹೆಣ್ಣುಮಕ್ಕಳನ್ನು ಪೀಡಿಸುವವರಿಲ್ಲವೇ? ಇದ್ದಾರೆ, ಅವರನ್ನು ಹಿಡಿಯಬೇಕು. ಓದುವವರಿಗೆ ಹೆಸರು ಕಾಣದಿದ್ದರೂ ಸಿಮ್ಮು, ಸಂಪರ್ಕದ ವಿಳಾಸ ಇಟ್ಟುಕೊಂಡು ಕಾನೂನಿನ ದಾರಿಯಲ್ಲಿ ಪತ್ತೆ ಹಚ್ಚುವ ಅವಕಾಶ ಪೊಲೀಸರಿಗೆ ಇದೆ. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆ ಇರುವುದೇ ಅದಕ್ಕೆ. ಬೇಕಿರುವುದು ದೂರು ಕೊಡಲು ಹೋದ ಹುಡುಗಿಯನ್ನು 'ನೀ ಯಾಕೆ ಫೋಟೊ ಹಾಕಿದಿ' ಎಂದು ಕೇಳದ ಠಾಣೆ.

ಎಲ್ಲರ ಗುರುತನ್ನೂ ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ 2007ರಲ್ಲಿ ದೊಡ್ಡ ತಾಣಗಳಲ್ಲಿ ಬರೆಯುವವರೆಲ್ಲ ನಿಜ ಹೆಸರು ಸಾಬೀತು ಮಾಡಬೇಕೆಂದು ಕಾನೂನು ಬಂತು. 2011ರಲ್ಲಿ ನೇಟ್, ಸೈವರ್ಲ್ಡ್ ಎಂಬ ಎರಡು ತಾಣಗಳಿಂದ ಸುಮಾರು 3.5 ಕೋಟಿ ಜನರ ವಿವರ ಕಳುವಾಯಿತು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು. ಬೈಗುಳ ಗಮನಾರ್ಹವಾಗಿ ಇಳಿದದ್ದಕ್ಕೆ ಆಧಾರವೂ ಆ ನ್ಯಾಯಾಲಯಕ್ಕೆ ಸಿಕ್ಕಿರಲಿಲ್ಲ.

ಕೊರಿಯಾದವರೆಗೆ ಹೋಗುವುದೂ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲೇ ಜನರ ಖಾತೆಯಿಂದ ಓಟಿಪಿ ಬರದೆ, ಕರೆ ಬರದೆ ದುಡ್ಡು ಹೋಯಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಬೆರಳಚ್ಚು ಕಳ್ಳರಿಗೆ ಎಲ್ಲಿ ಸಿಕ್ಕಿತು? ಆಸ್ತಿ ನೋಂದಣಿಯ ಪತ್ರಗಳಲ್ಲಿ. ನೋಂದಣಿಯ ಕಾವೇರಿ ತಂತ್ರಾಂಶದಿಂದ ಇಳಿಸಿಕೊಂಡ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ್ದರು. ಪೊಲೀಸರು ಆರೋಪಿಗಳನ್ನು ಹಿಡಿದ ಮೇಲೆ ಆ ಪತ್ರಗಳಲ್ಲಿ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಮರೆಮಾಡುವ ಏರ್ಪಾಟು ಬಂತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳು ಬದಲಿಸಲು ಬರುತ್ತದೆಯೇ?

ಆಧಾರ್‌ಗೆ ರೂಪ ಕೊಟ್ಟ ಗುರುತಿನ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಕರ್ನಾಟಕದವರು. ಅದನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ 86 ವರ್ಷ. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮುಂದಿನ ವರ್ಷ ಸೆಪ್ಟೆಂಬರ್ 26ರ ತೀರ್ಪು ಸರ್ಕಾರಿ ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತು, ಖಾಸಗಿ ಕಂಪನಿಗಳು ಅದನ್ನು ಕೇಳುವ ಅವಕಾಶವನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಬ್ಯಾಂಕಿಗೂ ಸಿಮ್ಮಿಗೂ ಗ್ರಾಹಕರ ಒಪ್ಪಿಗೆಯ ಮೇಲೆ ಮತ್ತೆ ಬಾಗಿಲು ತೆರೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮ ಶಾಲಾ ಪಠ್ಯದಲ್ಲಿ ಅವರ ಬಗ್ಗೆ ಒಂದು ಪಾಠ ಇರಬೇಕು. ಇಲ್ಲಿರುವ ಶಿಕ್ಷಕರು ಪಠ್ಯಕ್ಕೆ ಕಾಯದೆ ತರಗತಿಯಲ್ಲೇ ಅವರ ಕಥೆ ಹೇಳಬಹುದು.

ಮಕ್ಕಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ವಿವರ ಪಡೆಯುವ ಮೊದಲು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆಯನ್ನು ಪರಿಶೀಲಿಸಿಕೊಳ್ಳಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಷೇಧಿಸಿದೆ. ಮಕ್ಕಳನ್ನು ಕಾಯಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಮುದ್ದೇಬಿಹಾಳ ತಾಲ್ಲೂಕಿನ ತಾಂಡಾದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಂದೆತಾಯಿ ಗೋವಾದಲ್ಲಿ ದುಡಿಯುತ್ತಾರೆ. ಅಲ್ಲಿ ಬಾಡಿಗೆ ಖೋಲಿ ಹಿಡಿಯಲಿಕ್ಕೂ ಪೊಲೀಸ್ ಪರಿಶೀಲನೆಯ ಕಾಗದ ಬೇಕು, ಆಧಾರ್ ಕಾರ್ಡು ಅವರ ಜೊತೆಗೇ ಹೋಗಿದೆ. ಒಂಬತ್ತನೆಯ ತರಗತಿಯ ಹುಡುಗಿ ಅಜ್ಜಿಯ ಬಳಿ ಇದ್ದಾಳೆ. ಮನೆಯಲ್ಲಿರುವುದು ಒಂದೇ ಫೋನು, ಸಿಮ್ಮು ಕಾಕಾನ ಹೆಸರಿನಲ್ಲಿದೆ. ಅವಳು ಗಣಿತದ ಪಾಠ ನೋಡಲು ಒಂದು ಆ್ಯಪ್ ತೆರೆದರೆ 'ಪೋಷಕರ ಗುರುತು ದೃಢಪಡಿಸಿ' ಎಂದು ಕೇಳುತ್ತದೆ. ಯಾರು ಪೋಷಕರು? ಯಾವ ಕಾಗದ ತೋರಿಸಬೇಕು? ಕಾಗದವಿರುವ ಮನೆಯ ಮಕ್ಕಳು ಒಳಗೆ ಹೋಗುತ್ತಾರೆ, ಇವಳು ಹೊರಗೇ ನಿಲ್ಲುತ್ತಾಳೆ. ಇಲ್ಲವೇ ಕಾಕಾನ ವಯಸ್ಸು ಹಾಕಿ ಒಳಗೆ ಹೋಗುತ್ತಾಳೆ. ಆಗ ಮಗುವಿಗೆ ಸಿಗಬೇಕಾದ ರಕ್ಷಣೆಯೂ ತಪ್ಪುತ್ತದೆ. ಗುಳೆ ಹೋಗುವ ಮನೆಗಳನ್ನು ಲೆಕ್ಕಕ್ಕೆ ಹಿಡಿಯದ ಪರಿಶೀಲನೆ ನಮ್ಮ ಜಿಲ್ಲೆಗೆ ಒಗ್ಗುವುದಿಲ್ಲ. ಶಾಲೆಯ ಮುಖ್ಯಗುರುಗಳ ದೃಢೀಕರಣವನ್ನೂ ಒಪ್ಪುವ ದಾರಿ ಇರಬೇಕು.

ಹಾಗಾದರೆ ಪರಿಶೀಲನೆಯೇ ಬೇಡವೇ? ಬೇಕು, ಆ ಕೆಲಸಕ್ಕೆ ಸಾಕಾಗುವಷ್ಟು. ಆಧಾರ್ ವ್ಯವಸ್ಥೆಯೊಳಗೇ ಎರಡು ಬಗೆ ಇವೆ. ಬರಿಯ ದೃಢೀಕರಣದಲ್ಲಿ ಕೇಳಿದವರಿಗೆ 'ಹೌದು' ಅಥವಾ 'ಅಲ್ಲ' ಎಂಬ ಉತ್ತರವಷ್ಟೇ ಹೋಗುತ್ತದೆ. ಇ-ಕೆವೈಸಿಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಫೋಟೊ ಹೋಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಝೆರಾಕ್ಸ್. ಲಾಡ್ಜಿಗೆ, ಸಾಲದ ಏಜೆಂಟನಿಗೆ, ಸಿಮ್ ಮಾರುವವನಿಗೆ ಕೊಟ್ಟ ಝೆರಾಕ್ಸು ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಇದೆ, ಅದನ್ನು ಕೊಡಿ. ಬೆರಳಚ್ಚನ್ನು ಲಾಕ್ ಮಾಡಿಡುವ ಸೌಲಭ್ಯ ಪ್ರಾಧಿಕಾರದ ಆ್ಯಪ್‌ನಲ್ಲೇ ಇದೆ, ಆಸ್ತಿ ನೋಂದಣಿ ಮಾಡಿಸಿದವರು ತಪ್ಪದೆ ಬಳಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂದು 2023ರಲ್ಲಿ ಬಂದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

ಕರೆ ಮಾಡುವವರ ಕಡೆಗೆ ಬರೋಣ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಎನ್ನುವ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಅಂಥವರು ನಮ್ಮ ಹೆಸರು, ಆಧಾರ್ ಸಂಖ್ಯೆ, ಮಗನ ಕಾಲೇಜು ಎಲ್ಲ ಹೇಳಿಯೇ ಹೆದರಿಸುತ್ತಾರೆ. ನಮ್ಮ ಗುರುತು ಅವರಿಗೆ ಗೊತ್ತು, ಅವರದು ನಮಗೆ ಗೊತ್ತಿಲ್ಲ. ಇಂಡಿಯ ರೈತರಿಗೂ ಇದೇ ಮಾತು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಹಣ್ಣು ಯಾವ ನೆಲದ್ದೆಂದು ದೇಶವೇ ದಾಖಲಿಸಿದೆ. ಆ ಹಣ್ಣನ್ನು ಫೋನಿನಲ್ಲೇ ದರ ಹೇಳಿ ಕೇಳುವ ವ್ಯಾಪಾರಿ ಎಪಿಎಂಸಿಯ ಪರವಾನಗಿ ತೋರಿಸಲಿ, ಆಮೇಲೆ ಲೋಡು ಮಾಡಿ. ಬ್ಯಾಂಕಿನವರೆಂದರೆ ಕರೆ ಕತ್ತರಿಸಿ ಶಾಖೆಗೆ ನೀವೇ ಹೋಗಿ. ಮೋಸ ಆಗಿಯೇ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಥಂಬ್ ಹತ್ತಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪಬಾರದೆಂದು ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಆ ಸುತ್ತೋಲೆ ಅಜ್ಜಿಯ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನ ರೇಷನ್ ಅಂಗಡಿ, ಗ್ರಾಮ ಒನ್ ಕೇಂದ್ರ, ಅಂಗನವಾಡಿಯ ಗೋಡೆಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಹಾಕಿಸಿ. ಯಾವ ಕೆಲಸಕ್ಕೆ ಯಾವ ಗುರುತು ಬೇಕು, ಯಾವ ಆದೇಶದ ಪ್ರಕಾರ ಬೇಕು, ಥಂಬ್ ಅಥವಾ ಮುಖ ಹತ್ತದಿದ್ದರೆ ಬೇರೆ ದಾರಿ ಏನು, ಕೊಡದೆ ವಾಪಸು ಕಳಿಸಿದರೆ ದೂರು ಕೇಳುವ ಅಧಿಕಾರಿಯ ಹೆಸರೇನು, ಫೋನ್ ನಂಬರೇನು — ಇಷ್ಟು ಅದರ ಮೇಲಿರಲಿ. ಖರ್ಚು ಹೆಚ್ಚಿಲ್ಲ, ಯಾರ ಅನುಮತಿಗೂ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲೇ ಠರಾವು ಮಾಡಿ.